ನಾಲ್ಕು ಯೂನಿಟ್‌ಗೆ 1,800 ರೂಪಾಯಿ: ಇಂಧನ ಸಚಿವರಿಗೆ ರಾಯಚೂರಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ ನಮಸ್ಕಾರಗಳು.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಆಮೇಲೆ ನೀವು ಓದುವುದನ್ನು ನಿಲ್ಲಿಸಿದರೂ ಬೇಜಾರಿಲ್ಲ. ಮನೆಗಳಿಗೆ ಉಚಿತ ಕರೆಂಟ್ ಕೊಡುವ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದವರಿಂದ ದಾಟಿದ ಯೂನಿಟ್‌ಗೆ ಮಾತ್ರ ದುಡ್ಡು ತಗೊಳ್ಳಿ. ಪೂರ್ತಿ ಬಿಲ್ ಹಾಕಬೇಡಿ.

ಈ ಪತ್ರವನ್ನು 2025ರ ಮೇ ತಿಂಗಳಲ್ಲೇ ಬರೆಯಬೇಕಿತ್ತು. ಆಗ ಅರ್ಜಿ ಬರೆಯುತ್ತಿದ್ದೆ. ಅರ್ಜಿ ಕೊಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಂಡು, ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಅಂದಾಗ ಕಾದು, ಇಲ್ಲ ಅಂದಾಗ ವಾಪಸ್ ಬಂದು, ಸಹಾಯವಾಣಿಗೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಂಡು ಆಯಿತು. ದೂರು 'ಪರಿಹರಿಸಲಾಗಿದೆ' ಅಂತ ಮೊಬೈಲ್‌ಗೆ ಮೆಸೇಜ್ ಬಂತು. ಏನು ಪರಿಹಾರ ಆಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನಿಮಗೇನಾದರೂ ಗೊತ್ತಾದರೆ ತಿಳಿಸಿ.

ನಡೆದದ್ದು ಇಷ್ಟು.

ನಮ್ಮ ಮನೆಯಲ್ಲಿ ನಾವು ಐದು ಜನ. ಯಜಮಾನರು ಹತ್ತಿ ಜಿನ್ನಿಂಗ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಾರೆ. ಇಬ್ಬರು ಮಕ್ಕಳು ಓದುತ್ತಿದ್ದಾರೆ. ಅತ್ತೆಗೆ ಪಾರ್ಶ್ವವಾಯು ಆದ ಮೇಲೆ ಮಂಚ ಬಿಟ್ಟು ಏಳುವುದಿಲ್ಲ. ಹಿಂದೆ ಇದ್ದದ್ದು ಮಣ್ಣಿನ ಮಾಳಿಗೆ ಮನೆ. ಅದು ಬೇಸಿಗೆಯಲ್ಲೂ ತಂಪಾಗಿರುತ್ತಿತ್ತು. ಸೋರುತ್ತದೆ ಅಂತ ಅದನ್ನು ಕೆಡವಿ ಆರ್‌ಸಿಸಿ ಹಾಕಿಸಿದೆವು. ಈಗ ಏಪ್ರಿಲ್ ಬಂತು ಅಂದರೆ ರಾತ್ರಿ ಹನ್ನೊಂದಕ್ಕೂ ಸ್ಲ್ಯಾಬ್ ಕಾದಿರುತ್ತದೆ, ಗೋಡೆ ಮುಟ್ಟಿದರೆ ಬಿಸಿ. ಮಲಗಿದಲ್ಲೇ ಮಲಗಿರುವ ಅತ್ತೆಯ ಬೆನ್ನಿಗೆ ಹುಣ್ಣಾಗಬಾರದು ಅಂದರೆ ಕೂಲರ್ ಓಡಲೇಬೇಕು. ಡಾಕ್ಟರ್ ಹೇಳಿದ್ದೂ ಅದನ್ನೇ. ಎಸಿ ನಮ್ಮಲ್ಲಿಲ್ಲ, ಕೂಲರ್‌ನ ವಿಷಯ ಹೇಳುತ್ತಿದ್ದೇನೆ.

ಗೃಹಜ್ಯೋತಿ ನಿಯಮ ನಿಮಗೆ ನಾನು ಹೇಳಿಕೊಡಬೇಕಿಲ್ಲ. 2022-23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಅಷ್ಟು ಯೂನಿಟ್ ಉಚಿತ. ನಮ್ಮ ಸರಾಸರಿ 176 ಇತ್ತು, ಹಾಗಾಗಿ ನಮಗೆ ಸಿಕ್ಕಿದ್ದು 193. ಆ ಲೆಕ್ಕ ತೆಗೆದ ವರ್ಷ ಅತ್ತೆ ಓಡಾಡಿಕೊಂಡಿದ್ದರು, ಅಂಗಳದಲ್ಲಿ ಮಂಚ ಹಾಕಿಕೊಂಡು ಮಲಗುತ್ತಿದ್ದರು. ಅವರಿಗೆ ಕಾಯಿಲೆ ಬಂದದ್ದು ನಿಮ್ಮ ಸರಾಸರಿ ತೆಗೆದ ಮೇಲೆ. ಅದಕ್ಕೆ ನಿಮ್ಮ ನಿಯಮದಲ್ಲಿ ಜಾಗ ಇಲ್ಲ. ಇರಲಿ, ಅದನ್ನು ಕೇಳುತ್ತಿಲ್ಲ.

193ರ ಒಳಗೆ ಇರಲು ಏನೇನು ಮಾಡುತ್ತೇವೆ ಕೇಳಿ. ಇಸ್ತ್ರಿ ವಾರಕ್ಕೊಮ್ಮೆ, ಅದೂ ಶಾಲೆಯ ಯೂನಿಫಾರ್ಮಿಗೆ ಮಾತ್ರ. ವಾಷಿಂಗ್ ಮಷಿನ್ ಮೇಲೆ ಬಟ್ಟೆ ಮಡಚಿ ಇಡುತ್ತೇವೆ, ಅದಕ್ಕೆ ಅದೊಂದೇ ಕೆಲಸ. ಮೋಟರ್ ಹಾಕಿದರೆ ಟ್ಯಾಂಕ್ ತುಂಬುವವರೆಗೆ ಯಾರಾದರೂ ಮಾಳಿಗೆ ಮೇಲೆ ನಿಲ್ಲಬೇಕು, ಒಂದು ಕೊಡ ನೀರು ಹರಿದುಹೋಗಬಾರದು. ಮಕ್ಕಳಿಬ್ಬರೂ ಅತ್ತೆಯ ಕೋಣೆಯಲ್ಲೇ ನೆಲದ ಮೇಲೆ ಕೂತು ಓದುತ್ತಾರೆ, ಇನ್ನೊಂದು ಫ್ಯಾನ್ ಬೇಡ ಅಂತ. ಮಾತು ಸ್ವಲ್ಪ ಜೋರಾದರೆ ಅತ್ತೆಗೆ ನಿದ್ದೆ ಹೋಗುತ್ತದೆ, ಅದಕ್ಕೆ ದೊಡ್ಡವನು ಪಾಠವನ್ನು ಪಿಸುಗುಟ್ಟಿಕೊಂಡೇ ಬಾಯಿಪಾಠ ಮಾಡುತ್ತಾನೆ. ಚಿಕ್ಕವಳ ಕೆಲಸ ಮೀಟರ್ ನೋಡುವುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸ್ಟೂಲ್ ಹಾಕಿಕೊಂಡು, ಮೊಬೈಲ್ ಟಾರ್ಚ್ ಹಿಡಿದು, ಮೀಟರ್‌ನ ಗುಂಡಿ ಒತ್ತುತ್ತಾ ಯೂನಿಟ್ ತೋರಿಸುವ ಕೆಡಬ್ಲ್ಯುಎಚ್ ಬರುವವರೆಗೆ ಕಾದು, ಅಂಕಿಯನ್ನು ಕ್ಯಾಲೆಂಡರ್‌ನಲ್ಲಿ ಆ ತಾರೀಕಿನ ಚೌಕದೊಳಗೆ ಬರೆಯುತ್ತಾಳೆ. ಏಕಾದಶಿ, ಸಂಕಷ್ಟಿ ಅಂತ ಬರೆದಿರುವ ಜಾಗದಲ್ಲಿ ನಮ್ಮ ಯೂನಿಟ್ ಲೆಕ್ಕ.

ಆ ಕ್ಯಾಲೆಂಡರ್ ಪ್ರಕಾರ, 2025ರ ಆ ಬೇಸಿಗೆಯಲ್ಲಿ, ಹಿಂದಿನ ರೀಡಿಂಗ್ ಆದ ಮೂವತ್ತನೇ ದಿನ ಸಂಜೆಗೆ ನಾವು ಬಳಸಿದ್ದು 185. ಗೆದ್ದೆವು ಅಂದುಕೊಂಡೆವು. ಆ ರಾತ್ರಿ ಕೂಲರ್‌ನ ಸ್ಪೀಡ್ ಒಂದು ಪಾಯಿಂಟ್ ಜಾಸ್ತಿ ಇಟ್ಟೆ.

ಮೀಟರ್ ರೀಡಿಂಗ್ ಹುಡುಗ ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಬಂದಾಗ ಬಿಲ್‌ನಲ್ಲಿ 204 ಯೂನಿಟ್. ಹಿಂದಿನ ರೀಡಿಂಗ್‌ಗೂ ಈ ರೀಡಿಂಗ್‌ಗೂ ಮೂವತ್ತಮೂರು ದಿನ ಅಂತ ಆ ಬಿಲ್‌ನಲ್ಲಿರುವ ತಾರೀಕುಗಳೇ ಹೇಳುತ್ತವೆ. ಮೊತ್ತ, ಚಿಲ್ಲರೆ ಬಿಟ್ಟು, 1,800 ರೂಪಾಯಿ.

"ಅಕ್ಕಾ, ಏನ್ ಮಾಡ್ಲಿ, ಒಬ್ನಿಗೇ ಮೂರು ಏರಿಯಾ ಹಚ್ಯಾರ" ಅಂದ ಆ ಹುಡುಗ. ಅವನ ಅಂಗಿ ಬೆವರಿಗೆ ಪೂರ್ತಿ ತೊಯ್ದಿತ್ತು. ನೀರು ಕೊಟ್ಟು ಕಳಿಸಿದೆ. ಅವನ ಮೇಲೆ ಸಿಟ್ಟಿಲ್ಲ.

ಕಚೇರಿಗೆ ಹೋದೆ. ಮೂವತ್ತಮೂರು ದಿನದ್ದು 204 ಆದರೆ ಮೂವತ್ತು ದಿನಕ್ಕೆ ಎಷ್ಟು, ನೀವೇ ಭಾಗಿಸಿ ನೋಡಿ, 186 ಕೂಡ ಆಗೋದಿಲ್ಲ ಅಂದೆ. ಮಷಿನ್ ಹಾಗೆಲ್ಲ ಲೆಕ್ಕ ತಗೊಳ್ಳೋದಿಲ್ಲ ಅಂದರು. ಮತ್ತೆ ಒಂದು ಸಮಾಧಾನ ಹೇಳಿದರು ನೋಡಿ, ಅದನ್ನು ನೀವು ಕೇಳಲೇಬೇಕು: "ಮುಂದಿನ ತಿಂಗಳು ದಿನ ಕಡಿಮೆ ಬರ್ತಾವ್ರಿ ಮ್ಯಾಡಂ, ಯೂನಿಟ್ಟೂ ಕಡಿಮೆ ಬರ್ತಾವು, ಸರಿ ಹೋಗ್ತದ." ಮುಂದಿನ ತಿಂಗಳು ಹೇಗೂ ಸೊನ್ನೆ ಬಿಲ್ ಅಲ್ವಾ? ಸೊನ್ನೆಯಲ್ಲಿ ಏನು ಕಡಿಮೆ ಮಾಡುತ್ತೀರಿ? ಈ ತಿಂಗಳು ಕೊಟ್ಟ 1,800 ಯಾವ ಲೆಕ್ಕದಲ್ಲಿ ಸರಿ ಹೋಗುತ್ತದೆ? ಕೇಳಿದ್ದಕ್ಕೆ ಪಕ್ಕದ ಟೇಬಲ್‌ನವರು ತಲೆ ಎತ್ತದೆ ಹೇಳಿದರು, "ನಾಕ್ ಯೂನಿಟ್ ಉಳಿಸ್ಬೇಕಿತ್ರಿ ನೀವು."

ಉಳಿಸಬೇಕಿತ್ತು, ಹೌದು. ಎಲ್ಲಿಂದ? ಅತ್ತೆಯ ಬೆನ್ನಿನಿಂದಲೇ?

ಸಚಿವರೇ, ಆ 204ರ ಬದಲು 199 ಬಂದಿದ್ದರೆ ಏನಾಗುತ್ತಿತ್ತು ನಿಮಗೆ ಗೊತ್ತು. 193ರ ಮೇಲಿನ 6 ಯೂನಿಟ್‌ಗೆ ಮಾತ್ರ ಬಿಲ್. ನಲವತ್ತು-ಐವತ್ತು ರೂಪಾಯಿಯಲ್ಲಿ ಮುಗಿಯುತ್ತಿತ್ತು. ಅಂದರೆ 'ದಾಟಿದ್ದಕ್ಕೆ ಮಾತ್ರ ಕೊಡಿ' ಅನ್ನುವ ನಿಯಮ ನಿಮ್ಮದೇ ಯೋಜನೆಯಲ್ಲಿದೆ. 193ರಿಂದ 200ರವರೆಗೆ ಅದು ನ್ಯಾಯ. 201ಕ್ಕೆ ಅದೇ ಯಾಕೆ ಅನ್ಯಾಯ? ದಾಟಿದ್ದಕ್ಕೆ ಮಾತ್ರ ತಗೊಳ್ಳಿ. ನಾಲ್ಕು ಯೂನಿಟ್‌ಗೆ ಬೇಕಾದರೆ ಹತ್ತು ರೂಪಾಯಿಯಂತೆ ತಗೊಳ್ಳಿ, ಇಪ್ಪತ್ತರಂತೆ ತಗೊಳ್ಳಿ, ಕೊಡುತ್ತೇನೆ. 450 ರೂಪಾಯಿಯಂತೆ ತಗೊಳ್ಳಬೇಡಿ. ಆ ಬಿಲ್‌ನ ಲೆಕ್ಕ ನಮಗೆ ಬಿದ್ದದ್ದು ಹಾಗೆಯೇ.

ಸೊನ್ನೆ ಬಿಲ್ ಬರುವ ತಿಂಗಳಲ್ಲಿ ಬಿಲ್‌ನೊಳಗೆ ಏನೇನಿದೆ ಅಂತ ಯಾರೂ ನೋಡೋದಿಲ್ಲ. ನಾನೂ ನೋಡಿರಲಿಲ್ಲ. ಆ ತಿಂಗಳು ಕೂತು ಓದಿದೆ. ಕಿಲೋವಾಟ್‌ಗೆ 120 ಇದ್ದ ನಿಗದಿತ ಶುಲ್ಕ 2025ರ ಏಪ್ರಿಲ್‌ನಿಂದ 145 ಆಗಿತ್ತು. ನಮ್ಮ ಮನೆಗೆ ಮಂಜೂರಾದ ಲೋಡ್ 3 ಕಿಲೋವಾಟ್, ಅಂದರೆ ಒಂದು ಬಲ್ಬ್ ಹಚ್ಚದಿದ್ದರೂ 435. ಯೂನಿಟ್ ದರವನ್ನು 5.90ರಿಂದ 5.80ಕ್ಕೆ ಇಳಿಸಲಾಗಿದೆ ಅಂತ ಟಿವಿಯಲ್ಲಿ ಬಂದಿತ್ತು. 10 ಪೈಸೆ ಇಳಿಸಿ, ಆಚೆಯಿಂದ 36 ಪೈಸೆ ಪಿಂಚಣಿ-ಗ್ರಾಚ್ಯುಟಿ ಸರ್‌ಚಾರ್ಜ್ ಸೇರಿಸಿದ್ದು ಮಾತ್ರ ಬಿಲ್ ಓದಿದಾಗಲೇ ನನಗೆ ತಿಳಿದದ್ದು. ನಮ್ಮ ಯಜಮಾನರಿಗೆ ಪಿಂಚಣಿ ಇಲ್ಲ. ಮಿಲ್‌ನವರು ಹೋಗು ಅಂದ ದಿನ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬರಬೇಕು. ವಿದ್ಯುತ್ ಇಲಾಖೆಯವರ ಪಿಂಚಣಿಗೆ ಮಾತ್ರ ನಮ್ಮ ಕೂಲರ್ ಯೂನಿಟ್ ಲೆಕ್ಕದಲ್ಲಿ ಕಾಣಿಕೆ ಹಾಕುತ್ತದೆ. ಪಿಂಚಣಿ ಕೊಡಬೇಡಿ ಅನ್ನುತ್ತಿಲ್ಲ. ನಮ್ಮನ್ನೂ ಒಂದು ಮಾತು ಕೇಳಬಹುದಿತ್ತು. ಇದರ ಮೇಲೆ ಶೇ. 9 ತೆರಿಗೆ, ಒಂದೊಂದು ತಿಂಗಳು ಒಂದೊಂದು ತರ ಬರುವ ಎಫ್‌ಪಿಪಿಸಿಎ, ಅಂದರೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ. ಅದೇ ಏಪ್ರಿಲ್‌ನಲ್ಲಿ ಹಾಲಿಗೆ 4 ರೂಪಾಯಿ, ಗ್ಯಾಸ್ ಸಿಲಿಂಡರ್‌ಗೆ 50 ರೂಪಾಯಿ ಏರಿತು. ಗ್ಯಾಸ್ ಕೇಂದ್ರದ್ದು, ಗೊತ್ತು. ಅಡುಗೆ ಮನೆಗೆ ಮಾತ್ರ ಎರಡೂ ಸರ್ಕಾರ ಒಟ್ಟಿಗೇ ಬರುತ್ತವೆ.

ದರ ನಿಗದಿ ಮಾಡೋದು ಕೆಇಆರ್‌ಸಿ, ಅಂದರೆ ವಿದ್ಯುತ್ ನಿಯಂತ್ರಣ ಆಯೋಗ, ಸರ್ಕಾರ ಅಲ್ಲ ಅಂತ ನೀವು ಹೇಳುತ್ತೀರಿ. ಒಪ್ಪಿದೆ. ಹಾಗಾದರೆ ದರದ ಮಾತು ಬಿಡೋಣ. ಗೃಹಜ್ಯೋತಿ ನಿಯಮ ಬರೆದವರು ಯಾರು? ಅದು ನಿಮ್ಮ ಸರ್ಕಾರದ ಆದೇಶ, ಅಲ್ವಾ? ತಿದ್ದುವುದೂ ನಿಮ್ಮ ಕೈಯಲ್ಲೇ ಇದೆ. ತಿದ್ದಿಯೂ ಇದ್ದೀರಿ. 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ. 10 ಅಂದರೆ ಐದು ಯೂನಿಟ್ಟೂ ಆಗೋದಿಲ್ಲ ಅಂತ 2024ರ ಜನವರಿಯಲ್ಲಿ ಸಂಪುಟದಲ್ಲಿ ಕೂತು ಅದನ್ನು 10 ಯೂನಿಟ್ ಮಾಡಿದಿರಿ. ಒಳ್ಳೆ ಕೆಲಸ ಮಾಡಿದಿರಿ, ಸುಮ್ನೆ ಹೊಗಳುತ್ತಿಲ್ಲ. 2023ರ ದರಪಟ್ಟಿಯಲ್ಲೂ ಇಂಥದೇ ಒಂದು ಗೆರೆ ಇತ್ತು. 100 ಯೂನಿಟ್ ಒಳಗಿದ್ದರೆ 4.75, ಒಂದೇ ಒಂದು ದಾಟಿದರೂ ಎಲ್ಲ ಯೂನಿಟ್‌ಗೆ 7 ರೂಪಾಯಿ. ಮರುವರ್ಷವೇ ಕೆಇಆರ್‌ಸಿ ಆ ಗೆರೆ ಅಳಿಸಿ ಎಲ್ಲರಿಗೂ 5.90 ಮಾಡಿತು. ಆಯೋಗ 100ರ ಗೆರೆ ಅಳಿಸಬಹುದು, ನೀವು 200ರ ಗೆರೆ ಯಾಕೆ ಅಳಿಸಬಾರದು?

ಇನ್ನೊಂದು ವಿಷಯಕ್ಕೆ ನನಗೆ ನಿಜವಾಗಿ ಸಿಟ್ಟು. ನಮ್ಮ ಬಿಸಿಲು ಸರ್ಕಾರಕ್ಕೆ ಗೊತ್ತಿಲ್ಲ ಅಂತಲ್ಲ. ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಯ ಟೈಮ್ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಯಾಕೆ? ಆಮೇಲೆ ಮನುಷ್ಯರು ಕೂರಲಿಕ್ಕೆ ಆಗೋದಿಲ್ಲ ಅಂತ. ಅದಕ್ಕೊಂದು ಸರ್ಕಾರಿ ಆದೇಶವೇ ಇರುತ್ತದೆ. ಒಂದೂವರೆಗೆ ಕಚೇರಿ ಬಾಗಿಲು ಹಾಕಿ ನೌಕರರು ಮನೆಗೆ ಹೋಗುತ್ತಾರೆ. ಒಂದೂವರೆಯ ನಂತರ ನಾವು ಎಲ್ಲಿಗೆ ಹೋಗಬೇಕು? ಮಡಿಕೇರಿಯಲ್ಲಿ ಕಂಬಳಿ ಹೊದ್ದವರಿಗೂ 200, ರಾಯಚೂರಿನಲ್ಲಿ 42 ಡಿಗ್ರಿಯಲ್ಲಿ ಬೇಯುವವರಿಗೂ 200. ನೌಕರರಿಗೆ ಬೇಸಿಗೆ ಇದೆ, ಮೀಟರ್‌ಗೆ ಇಲ್ಲ.

ಕರೆಂಟ್ ವಿಷಯದಲ್ಲಿ ರಾಯಚೂರಿನವರಿಗೆ ಉಳಿತಾಯದ ಪಾಠ ಹೇಳುವ ಮೊದಲು ಒಮ್ಮೆ ನಮ್ಮ ಶಕ್ತಿನಗರದ ವಿದ್ಯುತ್ ಸ್ಥಾವರದ ಕಡೆ ನೋಡಿ. 1985ರಿಂದ ಅಲ್ಲಿ ಕಲ್ಲಿದ್ದಲು ಸುಡುತ್ತಿದ್ದಾರೆ. ಎಂಟು ಘಟಕ, 1,720 ಮೆಗಾವಾಟ್. ಅದು ಸಾಲದು ಅಂತ ಯರಮರಸ್‌ನಲ್ಲಿ 800ರ ಎರಡು ಘಟಕ. ಕೃಷ್ಣೆಯ ನೀರು ನಮ್ಮದು, ಹಾರುಬೂದಿ ನಮ್ಮದು. ಆ ಕಡೆ ಇರುವ ನಮ್ಮ ನೆಂಟರ ಮನೆಯಲ್ಲಿ ಒಣಹಾಕಿದ ಬಟ್ಟೆಯನ್ನು ಮಡಚುವ ಮೊದಲು ಕೊಡವುವುದು ಒಂದು ಅಭ್ಯಾಸ, ಬೂದಿ ಉದುರಲಿ ಅಂತ. ಅಲ್ಲಿ ಹುಟ್ಟಿದ ಕರೆಂಟು ಎಲ್ಲಿಯ ಎಸಿಗೆ ಹೋಗುತ್ತದೋ ನಾವು ಕೇಳಿಲ್ಲ. ನಮ್ಮ ನಾಲ್ಕು ಯೂನಿಟ್ ಮಾತ್ರ ರಾಜ್ಯಕ್ಕೆ ಭಾರ ಆಯಿತು.

ಬಿಟ್ಟಿ ತಗೊಂಡು ಮೇಲೆ ಮಾತಾಡುತ್ತಾಳೆ ಅಂತ ಇದನ್ನು ಓದಿದವರು ಹೇಳುತ್ತಾರೆ, ಗೊತ್ತು. ಬೆಂಕಿಪೊಟ್ಟಣದಿಂದ ಹಿಡಿದು ಅತ್ತೆಯ ಡೈಪರ್‌ವರೆಗೆ ತೆರಿಗೆ ಕೊಟ್ಟೇ ತಂದಿದ್ದೇವೆ. ಉಚಿತ ಕೊಡಿ ಅಂತ ನಿಮ್ಮ ಮನೆ ಬಾಗಿಲಿಗೆ ನಾನು ಬಂದಿರಲಿಲ್ಲ. 2023ರಲ್ಲಿ ನೀವೇ ನಮ್ಮ ಬಾಗಿಲಿಗೆ ಬಂದಿರಿ, ಚುನಾವಣೆಯ ಗ್ಯಾರಂಟಿ ಕಾರ್ಡ್ ಕೊಟ್ಟು ಹೋದಿರಿ. ಆ ಕಾರ್ಡ್‌ನಲ್ಲಿ ಸರಾಸರಿಯ ಮಾತು ಇರಲಿಲ್ಲ, 201ಕ್ಕೆ ಪೂರ್ತಿ ಬಿಲ್ ಅನ್ನುವ ಮಾತೂ ಇರಲಿಲ್ಲ. ಆದರೂ ಇದರಿಂದ ಉಪಕಾರ ಆಗಿದೆ. ಅದನ್ನು ಇಲ್ಲ ಅಂದರೆ ಸುಳ್ಳಾಗುತ್ತದೆ. ಸೊನ್ನೆ ಬಿಲ್ ಬಂದ ತಿಂಗಳುಗಳಲ್ಲಿ ಅತ್ತೆಯ ಫಿಸಿಯೋಥೆರಪಿ ತಪ್ಪಲಿಲ್ಲ. ಆ 1,800 ಕಟ್ಟಿದ ತಿಂಗಳು ತಪ್ಪಿತು. "ಕೂಲರ್ ಬಂದ್ ಮಾಡವ್ವಾ, ಬಿಲ್ಲು ಬರ್ತದ" ಅಂತ ಅವರು ಈಗ ಮಧ್ಯಾಹ್ನ ಮೂರಕ್ಕೆ ನನಗೆ ಹೇಳುತ್ತಾರೆ. ಮಾತು ಸರಿಯಾಗಿ ತಿರುಗುವುದಿಲ್ಲ, ಆದರೂ ಇದೊಂದನ್ನು ಸ್ಪಷ್ಟವಾಗಿ ಹೇಳುತ್ತಾರೆ.

ಸೋಲಾರ್ ಹಾಕಿಸಿಕೊಳ್ಳಿ ಅಂತ ಕಚೇರಿಯಲ್ಲಿ ಒಬ್ಬರು ಸಲಹೆ ಕೊಟ್ಟರು. ಸಬ್ಸಿಡಿ ಇದೆ, ಹೌದು. ಅದರ ಉಳಿದ ದುಡ್ಡೂ ಅವರೇ ಕೊಡುತ್ತಾರೇನೋ ಅಂತ ಸ್ವಲ್ಪ ಹೊತ್ತು ನಿಂತು ನೋಡಿದೆ.

ಈಗ ಮತ್ತೊಮ್ಮೆ. 200 ದಾಟಿದರೆ ದಾಟಿದ್ದಕ್ಕೆ ಮಾತ್ರ ಬಿಲ್ ಹಾಕಿ. ರೀಡಿಂಗ್ ತಡವಾಗಿ ತಗೊಂಡರೆ ಆ ದಿನಗಳ ಲೆಕ್ಕ ಕಳೆದು ಬಿಲ್ ಹಾಕಿ. ಮೊದಲನೆಯದು ಮಾಡಿದರೆ ಎರಡನೆಯದರಿಂದ ಆಗುವ ಪೆಟ್ಟು ತಾನಾಗಿಯೇ ಕಡಿಮೆ ಆಗುತ್ತದೆ. ಹಾಗಾಗಿ ಒಂದೇ ಮಾಡುವುದಾದರೆ ಮೊದಲನೆಯದನ್ನು ಮಾಡಿ. 'ಪರಿಶೀಲಿಸಲಾಗುವುದು' ಅನ್ನುವ ಉತ್ತರ ಬೇಡ. ಅಂಥದು ನನ್ನ ಹತ್ತಿರ ಈಗಾಗಲೇ ಸೀಲ್ ಸಮೇತ ಇದೆ.

ನಮ್ಮಲ್ಲಿ ಶಿವರಾತ್ರಿ ಮುಗಿದರೆ ಕೂಲರ್ ಇಳಿಸುತ್ತೇವೆ. ಆದೇಶ ಅದಕ್ಕಿಂತ ಮೊದಲು ಬರಲಿ. ಆರ್‌ಆರ್ ನಂಬರ್, ಬಿಲ್‌ನ ಪ್ರತಿ, ಕ್ಯಾಲೆಂಡರ್ ಹಾಳೆಯ ಜೆರಾಕ್ಸ್ ಎಲ್ಲವನ್ನೂ ನಿಮ್ಮ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಬೇರೆಯಾಗಿ ಕಳಿಸಿದ್ದೇನೆ.

ಇಂತಿ,
ರಾಯಚೂರಿನ ಒಬ್ಬ ವಿದ್ಯುತ್ ಗ್ರಾಹಕಿ