ಬೀಲ್ ನಗರದ ಬೀದಿ ಫಲಕ ಮತ್ತು ನಮ್ಮ ಅರ್ಜಿ ನಮೂನೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತೆಂಕುತಿಟ್ಟಿನ ಯಕ್ಷಗಾನ ತಂಡವೊಂದರ ಯುರೋಪ್ ತಿರುಗಾಟಕ್ಕೆ ಮದ್ದಳೆಗಾರನಾಗಿ ಹೋಗಿದ್ದ ನಾನು, ಎರಡು ಆಟಗಳ ನಡುವೆ ಸಿಕ್ಕಿದ ಒಂದೂವರೆ ದಿನವನ್ನು ಸ್ವಿಟ್ಜರ್ಲೆಂಡಿನ ಬೀಲ್ ನಗರವನ್ನು ಸುತ್ತುವುದರಲ್ಲಿ ಕಳೆದೆ. ಅಲ್ಲಿಯ ಸರೋವರದ ಚೆಲುವನ್ನು ವರ್ಣಿಸುವುದು ನನ್ನ ಉದ್ದೇಶವಲ್ಲ. (ಅದರ ಥಂಡಿ ಗಾಳಿಗೆ ಮದ್ದಳೆಯ ಶ್ರುತಿ ಇಳಿದು, ಬಣ್ಣ ಹಚ್ಚುವ ಚೌಕಿಯಲ್ಲಿ ಕೂತು ಅರ್ಧ ಗಂಟೆ ಬಾರು ಬಿಗಿಯಬೇಕಾಯಿತು.) ಕಾಸರಗೋಡಿನವನ ಕಣ್ಣಿಗೆ ಬಿದ್ದದ್ದು ಅಲ್ಲಿಯ ನಾಮಫಲಕಗಳು.

ಬೀಲ್ ಅಧಿಕೃತವಾಗಿಯೇ ದ್ವಿಭಾಷಾ ನಗರ. 2005ರಿಂದ ಊರಿನ ಹೆಸರೇ 'ಬೀಲ್/ಬಿಯೆನ್' ಎಂದು ಜರ್ಮನ್, ಫ್ರೆಂಚ್ ಎರಡರಲ್ಲೂ ಇದೆ. ರೈಲು ನಿಲ್ದಾಣದ ಎದುರಿನ 'ಬಾನ್‌ಹೋಫ್‌ಸ್ಟ್ರಾಸೆ' ಫ್ರೆಂಚಿನಲ್ಲಿ 'ರ್‍ಯು ದ ಲಾ ಗಾರ್' ಆಗುತ್ತದೆ. ಎರಡರ ಅರ್ಥವೂ ನಿಲ್ದಾಣದ ಬೀದಿ. ಒಂದು ಭಾಷೆಯ ಹೆಸರನ್ನು ಇನ್ನೊಂದರ ಉಚ್ಚಾರಕ್ಕೆ ತಿರುಚುವ, ನಮ್ಮೂರು ಕುಂಬಳೆಯನ್ನು ಮಲಯಾಳದಲ್ಲಿ ಕುಂಬ್ಳ ಮಾಡುವಂಥ ಕ್ರಮ ಅದಲ್ಲ.

1815ರ ವಿಯೆನ್ನಾ ಒಪ್ಪಂದದಲ್ಲಿ ಈ ಊರು ಜರ್ಮನ್ ಬಹುಸಂಖ್ಯಾತ ಬರ್ನ್ ಪ್ರಾಂತಕ್ಕೆ ಸೇರಿತು. ಫ್ರೆಂಚ್ ಮಾತಾಡುವವರು ಹೆಚ್ಚಾಗಿ ಬಂದದ್ದು ಆಮೇಲೆ, ಗಡಿಯಾರ ಕೈಗಾರಿಕೆಯ ಕೆಲಸ ಹುಡುಕಿಕೊಂಡು. ಈಗ ಊರಿನ ನೂರರಲ್ಲಿ ಸುಮಾರು ನಲವತ್ತು ಮಂದಿ ಅವರೇ. ಕಾಸರಗೋಡಿನ ಕನ್ನಡಿಗರಾದ ನಾವಾದರೋ ಇದ್ದಲ್ಲೇ ಇದ್ದವರು. 1956ರ ನವೆಂಬರ್ 1ರಂದು ಊರು ಕೇರಳಕ್ಕೆ ಸೇರಿದಾಗ ಬದಲಾದದ್ದು ರಾಜ್ಯ ಮಾತ್ರ.

ಬೆಳಗ್ಗೆ ರೊಟ್ಟಿಯಂಗಡಿಗೆ ಹೋದಾಗ, ನಮಗಿಂತ ಮುಂದೆ ನಿಂತಿದ್ದ ಮುದುಕನೊಡನೆ ಜರ್ಮನ್ ಮಾತಾಡುತ್ತಿದ್ದ ಅಂಗಡಿಯಾಕೆ, ನಮ್ಮ ದುಭಾಷಿ 'ಬೊಂಜೂರ್' ಎಂದೊಡನೆ ಫ್ರೆಂಚಿಗೆ ಹೊರಳಿದಳು. ಮೊದಲು ಮಾತೆತ್ತಿದವರ ಭಾಷೆಯಲ್ಲೇ ಉತ್ತರಿಸುವುದು ಅಲ್ಲಿಯ ರೂಢಿಯಂತೆ. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ, ಏಕೆಂದರೆ ಕುಂಬಳೆಯ ಮೀನು ಮಾರುಕಟ್ಟೆಯಲ್ಲಿ ತುಳು, ಬ್ಯಾರಿ, ಮಲಯಾಳ, ಕನ್ನಡ ಯಾವುದರಲ್ಲಿ ಬಂಗುಡೆಯ ಕ್ರಯ ಕೇಳಿದರೂ ಅದರಲ್ಲೇ ಉತ್ತರ ಬರುತ್ತದೆ. ವಿಶೇಷವೆನಿಸಿದ್ದು, ಬೀಲ್‌ನಲ್ಲಿ ಈ ರೂಢಿ ಸರಕಾರಿ ಕಚೇರಿಯ ಒಳಗೂ ನಡೆಯುತ್ತದೆ ಎಂಬುದು.

ಊರಿಗೆ ಮರಳಿದ ವಾರದಲ್ಲೇ ನಮ್ಮ ಕಚೇರಿಯೊಂದಕ್ಕೆ ಅರ್ಜಿ ಕೊಡಲು ಹೋಗಿದ್ದೆ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬಾರದು. ನಮೂನೆ ಮಲಯಾಳದಲ್ಲಿ ಮಾತ್ರ ಇರುವುದೆಂದು ಗುಮಾಸ್ತರು ಸೌಜನ್ಯದಿಂದಲೇ ಹೇಳಿದರು. ಗಡಿನಾಡಿನ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸಲು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಅವಕಾಶ ಕೊಟ್ಟಿತ್ತು. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕಚೇರಿಗಳಲ್ಲಿ ನಮೂನೆ ಹಾಗೂ ಫಲಕಗಳು ಮಲಯಾಳದ ಜೊತೆಗೆ ಕನ್ನಡದಲ್ಲಿಯೂ ಇರುವಂತೆ ಸಂಬಂಧಪಟ್ಟವರು ಕ್ರಮ ಕೈಗೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಅಲ್ಲಿಯವರೆಗೆ ಕಾಯುವ ಪುರುಸೊತ್ತಿಲ್ಲದ್ದರಿಂದ ನನ್ನ ಅರ್ಜಿಯನ್ನು ನೆರೆಮನೆಯ ಹುಡುಗನ ಕೈಯಲ್ಲಿ ಬರೆಸಿ ಕೊಟ್ಟಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಹವ್ಯಾಸಿ ಮದ್ದಳೆಗಾರ, ಕುಂಬಳೆ