ವಾಲಿಯ ಪ್ರಶ್ನೆ, ಹಾನ್ ಸೋಲೋನ ಗುಂಡು

ಚಿ. ಪ್ರಣವನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮೊನ್ನೆ ನಿನ್ನಪ್ಪ ಫೋನ್ ಮಾಡಿ ಒಂದೇ ಸಮನೆ ಗೊಣಗಿದ. ಓದು ಬಿಟ್ಟು ಯಾವಾಗ ನೋಡಿದರೂ ಸ್ಟಾರ್ ವಾರ್ಸ್, ಸೂಪರ್‌ಮ್ಯಾನ್ ಅಂತ ಕೂತಿರುತ್ತಾನೆ, ಸ್ವಲ್ಪ ಬುದ್ಧಿ ಹೇಳು ಅಂದ. ಹೇಳುತ್ತೇನೆ. ಅವನು ಬಯಸಿದ ಹಾಗೆ ಅಲ್ಲ.

ಅವು ನಮ್ಮ ಕಾಲದ ಪುರಾಣ ಅಂತ ಅವನ ಹತ್ತಿರ ವಾದ ಮಾಡಿದೆಯಂತೆ. ಅರ್ಧ ಒಪ್ಪುತ್ತೇನೆ. ನಾಶವಾಗುತ್ತಿರುವ ಲೋಕದಿಂದ ಅಪ್ಪ ಅಮ್ಮ ಕೂಸನ್ನು ಪುಟ್ಟ ನೌಕೆಯಲ್ಲಿಟ್ಟು ಕಳಿಸುತ್ತಾರೆ, ಅದು ರೈತ ದಂಪತಿಗೆ ಸಿಗುತ್ತದೆ. ಪೆಟ್ಟಿಗೆಯಲ್ಲಿ ತೇಲಿ ಬಂದ ಕರ್ಣನನ್ನು ಬಲ್ಲವರಿಗೆ ಸೂಪರ್‌ಮ್ಯಾನ್ ಹೊಸಬನೇನಲ್ಲ. ಆದರೆ ಕಥೆ ಅದೇ ಥರ ಇದ್ದರೆ ಸಾಲದು. ಪುರಾಣ ಅಂದರೆ ಜನ ತಲೆಮಾರುಗಟ್ಟಲೆ ಅದರ ಮೇಲೆ ಜಗಳವಾಡಬೇಕು.

ಸ್ಟಾರ್ ವಾರ್ಸ್‌ನ ನಾಯಕರಲ್ಲೊಬ್ಬನಾದ ಹಾನ್ ಸೋಲೋನ ವಿಷಯ ನಿನಗೆ ಗೊತ್ತೇ ಇದೆ. 1977ರ ಸಿನಿಮಾದಲ್ಲಿ ಹೆಂಡದಂಗಡಿಯ ಮೇಜಿನಾಚೆ, ಅವನನ್ನು ಹಿಡಿಯಲು ಬಂದ ಬಾಡಿಗೆ ಬೇಟೆಗಾರ ಗ್ರೀಡೋ ಪಿಸ್ತೂಲು ಹಿಡಿದು ಕೂತಿರುತ್ತಾನೆ. ಹಾನ್ ಮಾತಾಡುತ್ತಾ ಮಾತಾಡುತ್ತಾ ಮೇಜಿನ ಕೆಳಗೆ ಮೆಲ್ಲಗೆ ತನ್ನದನ್ನು ತೆಗೆದು ಹೊಡೆದೇಬಿಡುತ್ತಾನೆ. 1997ರಲ್ಲಿ ಸಿನಿಮಾದ ನಿರ್ದೇಶಕ ಜಾರ್ಜ್ ಲೂಕಾಸ್ ಆ ದೃಶ್ಯ ತಿದ್ದಿದರು. ಆ ತಿದ್ದುಪಡಿಯಲ್ಲಿ ಗ್ರೀಡೋ ಮೊದಲು ಹೊಡೆಯುತ್ತಾನೆ, ಅದೂ ಅಷ್ಟು ಹತ್ತಿರದಿಂದ ಗುರಿ ತಪ್ಪಿ! ನಾಯಕ ಕೊಲೆಗಡುಕನ ಹಾಗೆ ಕಾಣಬಾರದು ಅನ್ನುವುದು ಅವರ ಲೆಕ್ಕ. ಅಭಿಮಾನಿಗಳು ಒಪ್ಪಲಿಲ್ಲ. ಹಾನನೇ ಮೊದಲು ಹೊಡೆದದ್ದು ಅಂತ ಟೀ ಶರ್ಟಿನ ಮೇಲೆ ಹಾಕಿಸಿಕೊಂಡು ತಿರುಗಿದರು.

ಈಗ ವಾಲಿವಧೆ ನೆನಪಿಸಿಕೋ. ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟ. ವಾಲ್ಮೀಕಿ ಅದನ್ನು ಮುಚ್ಚಿಡಲಿಲ್ಲ. ಬೇರೆಯವನ ಜೊತೆ ಕಾದಾಡುತ್ತಿದ್ದವನನ್ನು ಹೀಗೆ ಹೊಡೆಯಬಹುದಾ ಅಂತ ಬಿದ್ದ ವಾಲಿಯ ಬಾಯಲ್ಲೇ ಕೇಳಿಸಿದ. ರಾಮನ ಉತ್ತರಕ್ಕೆ ವಾಲಿ ತಲೆಬಾಗಿದ, ಕಥೆ ಕೇಳುವ ಜನ ಬಾಗಲಿಲ್ಲ. ಯಕ್ಷಗಾನದ ಮಾತಿನ ಕೂಟವಾದ ನಮ್ಮ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಕೂಡಲೇ ಪಾತ್ರಗಳ ಮಾತಾಡುವ ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತು ಇದೇ ಪ್ರಶ್ನೆಯನ್ನು ಜಗ್ಗಾಡುತ್ತಾರೆ. ಬರೆದಿಟ್ಟ ಮಾತಲ್ಲ, ಅಲ್ಲೇ ಹುಟ್ಟಬೇಕು. ಒಳ್ಳೆಯ ವಾಲಿ ಸಿಕ್ಕಿದ ದಿನ ರಾಮ ಬೆವರುತ್ತಾನೆ. ರಾಮಭಕ್ತರೇ ಚಪ್ಪಾಳೆ ತಟ್ಟುತ್ತಾರೆ.

ತಿದ್ದಲೇಬಾರದು ಅಂತಲ್ಲ. ಪಂಪನೂ ತಿದ್ದಿದ, ಅವನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಕುಮಾರವ್ಯಾಸ ಮತ್ತೆ ಐವರಿಗೂ ಮದುವೆ ಮಾಡಿಸಿದ. ಎರಡೂ ಉಳಿದವು. ವ್ಯಾಸರ ಅಪ್ಪಣೆ ಯಾರೂ ಕೇಳಲಿಲ್ಲ. ನಿನ್ನ ಪುರಾಣಕ್ಕೋ ಯಜಮಾನರಿದ್ದಾರೆ. ಡಿಸ್ನಿ 2012ರಲ್ಲಿ ಲೂಕಾಸರ ಕಂಪನಿ ಲೂಕಾಸ್‌ಫಿಲ್ಮನ್ನು ಕೊಂಡಿತು. ಎರಡು ವರ್ಷ ಕಳೆಯುವಷ್ಟರಲ್ಲಿ, ಅಲ್ಲಿಯವರೆಗಿನ ಸ್ಟಾರ್ ವಾರ್ಸ್ ಕಾದಂಬರಿಗಳಲ್ಲಿ ನಡೆದದ್ದು ಇನ್ನು ಅಧಿಕೃತ ಕಥೆಯಲ್ಲ ಅಂತ ಸಾರಿಬಿಟ್ಟರು. ಸೂಪರ್‌ಮ್ಯಾನನನ್ನು ಹುಟ್ಟಿಸಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಕ್ಲೀವ್‌ಲ್ಯಾಂಡಿನ ಹುಡುಗರು 1938ರಲ್ಲಿ ಹಕ್ಕನ್ನೆಲ್ಲ 130 ಡಾಲರಿಗೆ ಕೊಟ್ಟುಬಿಟ್ಟಿದ್ದರು. ಕಳೆದುಹೋದ ತಮ್ಮ ಹೆಸರನ್ನು ಮತ್ತೆ ಅಚ್ಚು ಹಾಕುವ ಒಪ್ಪಂದಕ್ಕೆ ಅವರು 1975ರ ತನಕ ಕಾಯಬೇಕಾಯಿತು.

ನೋಡಬೇಡ ಅನ್ನುವುದಿಲ್ಲ ಮಗಾ. ಆದರೆ ಮಾರಿದ್ದನ್ನೆಲ್ಲ ಕೊಳ್ಳುವುದೇ ಭಕ್ತಿ ಅಂದುಕೊಳ್ಳಬೇಡ. (ಆ ಬೊಂಬೆಗಳ ಬೆಲೆ ಕೇಳಿ ನನಗೇ ತಲೆ ತಿರುಗಿತು.) ಯಾವುದು ಅಧಿಕೃತ ಅಂತ ಅವರು ಹೇಳಿಕೊಳ್ಳಲಿ, ಯಾವುದು ನ್ಯಾಯ ಅಂತ ನೀನು ಯೋಚಿಸು. ನಿನಗಿಷ್ಟದ ನಾಯಕನಲ್ಲಿ ಹುಳುಕು ಕಂಡರೆ ದಾಟಿ ಹೋಗಬೇಡ, ಅಲ್ಲೇ ಕೂತು ಕೆದಕು. ಗ್ರೀಡೋನ ಪರವಾಗಿ ಒಂದು ಪುಟ ಬರೆದು ನೋಡು.

ಇನ್ನೊಂದು ವಿಷಯ, ನಿನ್ನಪ್ಪ ಇದನ್ನು ಹೇಳಿರಲಿಕ್ಕಿಲ್ಲ. ಕಾಲೇಜಿನಲ್ಲಿದ್ದಾಗ ಊರ ದೇವಸ್ಥಾನದಲ್ಲಿ ಅವನು ವಾಲಿಯ ಅರ್ಥ ಹೇಳುತ್ತಿದ್ದ, ಹಿರಿಯ ಅರ್ಥಧಾರಿಗಳೇ ತಡವರಿಸುವ ಹಾಗೆ. ಮುಂದಿನ ಸಲ ಬೈದರೆ ಸುಮ್ನೆ ಎದ್ದು ಹೋಗಬೇಡ. ಹಾನ್ ಮಾಡಿದ್ದು ಸರಿಯೋ ತಪ್ಪೋ ಅಂತ ಅವನನ್ನೇ ಕೇಳು. ಪರೀಕ್ಷೆ ಮುಗಿದ ಮೇಲೆ ಕೇಳು ಅಷ್ಟೆ. ಶುರು ಮಾಡಿದರೆ ರಾತ್ರಿ ಎರಡಾದರೂ ಬಿಡುವವನಲ್ಲ.

ಇಂತಿ,
ನಿನ್ನ ದೊಡ್ಡಪ್ಪ