ಮಗಳಿಗೆ ಉಸಿರು ಕೊಟ್ಟವರಿಗೆ

ನಮ್ಮ ಮಗಳಿಗೆ ಮೊನ್ನೆ ವರ್ಷ ತುಂಬಿತು. ಗೋಡೆ ಹಿಡಿದು ನಿಲ್ಲುತ್ತಾಳೆ, ತಾತನನ್ನು ಕಂಡರೆ ಕೈ ಚಾಚುತ್ತಾಳೆ. ಅವಳನ್ನು ಉಳಿಸಿಕೊಟ್ಟ ಎಲ್ಲರಿಗೂ ನಾನು ಮತ್ತು ನನ್ನ ಹೆಂಡತಿ ಕೈಮುಗಿದು ಥ್ಯಾಂಕ್ಸ್ ಹೇಳುತ್ತಿದ್ದೇವೆ.

ಹಾಸನದಲ್ಲಿ ದಿನ ತುಂಬಿಯೇ ಹುಟ್ಟಿದ ಮಗು. ಆದರೆ ಹೊಟ್ಟೆಯೊಳಗೇ ಮಲ ಮಾಡಿಕೊಂಡಿತ್ತು, ಅದು ಬೆರೆತ ಗರ್ಭದ ನೀರು ಶ್ವಾಸಕೋಶಕ್ಕೆ ಹೋಗಿತ್ತು. ಅದರ ಜೊತೆಗೆ ಶ್ವಾಸಕೋಶದ ರಕ್ತನಾಳಗಳೂ ಬಿಗಿದುಕೊಂಡಿದ್ದವು. ಹೆಂಡತಿ ಸಿಸೇರಿಯನ್ ಆಗಿ ಅಲ್ಲೇ ಮಲಗಿದ್ದಳು, ನಾನು ಮಗುವಿನ ಜೊತೆ ಬೆಂಗಳೂರಿಗೆ ಹೊರಟೆ. ದಾರಿಯುದ್ದಕ್ಕೂ ಮಾನಿಟರ್‌ನಿಂದ ಕಣ್ಣು ಕೀಳದ ಸಿಸ್ಟರ್‌ಗೆ, ನೆಲಮಂಗಲದ ಟ್ರಾಫಿಕ್ ದಾಟಿಸಿದ ಆಂಬುಲೆನ್ಸ್ ಡ್ರೈವರ್ ಅಣ್ಣನಿಗೆ ಮೊದಲ ನಮಸ್ಕಾರ.

ಬೆಂಗಳೂರಿನ ಆಸ್ಪತ್ರೆಯ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಮಾಮೂಲಿ ವೆಂಟಿಲೇಟರ್ ಹಾಕಿದರೂ ಆಕ್ಸಿಜನ್ ಏರಲಿಲ್ಲ. ಆಗ ಡಾಕ್ಟರು ಆಸಿಲೇಟರ್‌ಗೆ ಬದಲಾಯಿಸಿದರು. ಹೈ ಫ್ರೀಕ್ವೆನ್ಸಿ ಆಸಿಲೇಟರಿ ವೆಂಟಿಲೇಷನ್ ಅಂತ ಅದರ ಪೂರ್ತಿ ಹೆಸರು. ಹೊಲದ ಪಂಪ್‌ಸೆಟ್ ತರ ಬಿಡದೆ ಸದ್ದು ಮಾಡುತ್ತದೆ. ಮಗುವಿನ ಎದೆಯಿಂದ ಸೊಂಟದವರೆಗೆ ಮೈ ಒಂದೇ ಸಮನೆ ನಡುಗುತ್ತಿತ್ತು. ಫಿಟ್ಸ್ ಬಂತು ಅಂತ ನಾನು ಕೂಗಿಬಿಟ್ಟೆ.

"ಸರ್, ಹೆದರ್ಬೇಡಿ. ಈ ನಡುಕ ಇರ್ಲೇಬೇಕು. ಅದು ಕಮ್ಮಿಯಾದ್ರೆ ನಾವು ಹೆದರ್ತೀವಿ" ಅಂದರು ರಾತ್ರಿ ಪಾಳಿಯ ಸಿಸ್ಟರ್. ಆಮೇಲೆ ಪಕ್ಕದಲ್ಲೇ ನಿಂತು ಎಲ್ಲ ಬಿಡಿಸಿ ಹೇಳಿದರು. ಪರದೆಯ ಮೇಲೆ 10 ಹರ್ಟ್ಜ್ ಅಂತಿತ್ತು, ಅಂದರೆ ನಿಮಿಷಕ್ಕೆ 600 ಸಲ. ಒಂದೊಂದು ಸಲಕ್ಕೂ ಹೋಗುವ ಗಾಳಿ ತೀರಾ ಸ್ವಲ್ಪ. ಶ್ವಾಸಕೋಶವನ್ನು ಒಂದೇ ಒತ್ತಡದಲ್ಲಿ ತೆರೆದಿಟ್ಟು, ಅದರ ಮೇಲೆ ಈ ಸಣ್ಣ ಅಲುಗಾಟ. ಜೋರಾಗಿ ಊದಿ ಊದಿ ಎಳೆ ಶ್ವಾಸಕೋಶಕ್ಕೆ ಪೆಟ್ಟಾಗಬಾರದು ಅಂತ ಹೀಗೆ. ಉಸಿರನ್ನು ಹೊರಗೆ ಎಳೆಯುವ ಕೆಲಸವನ್ನೂ ಮೆಷಿನ್ನೇ ಮಾಡುತ್ತದೆ. ಭಯದಲ್ಲಿದ್ದ ಒಬ್ಬ ಅಪ್ಪನಿಗೆ ಅಷ್ಟು ಹೊತ್ತಿನಲ್ಲಿ ಇದನ್ನೆಲ್ಲ ಹೇಳಬೇಕು ಅಂತ ಯಾವ ಡ್ಯೂಟಿ ಪಟ್ಟಿಯಲ್ಲೂ ಬರೆದಿರಲಿಕ್ಕಿಲ್ಲ. ಸಿಸ್ಟರ್, ಆ ರಾತ್ರಿ ನಾನು ತಡೆದುಕೊಂಡಿದ್ದು ನಿಮ್ಮಿಂದ.

ಡಾಕ್ಟರಿಗೆ ನಾನು ಋಣಿಯಾಗಿರುವುದು ಚಿಕಿತ್ಸೆಗೆ ಮಾತ್ರ ಅಲ್ಲ, ಸುಳ್ಳು ಭರವಸೆ ಕೊಡದಿದ್ದಕ್ಕೂ. ಇದು ಎಲ್ಲರಿಗೂ ಹಾಕುವ ಮೆಷಿನ್ ಅಲ್ಲ ಅಂತ ಮೊದಲೇ ಹೇಳಿದರು. ದೊಡ್ಡವರ ಮೇಲೆ ನಡೆದ ಎರಡು ದೊಡ್ಡ ಅಧ್ಯಯನಗಳ ಫಲಿತಾಂಶ 2013ರಲ್ಲಿ ಬಂತು. ಒಂದರಲ್ಲಿ ಪ್ರಯೋಜನ ಕಾಣಲಿಲ್ಲ, ಇನ್ನೊಂದರಲ್ಲಿ ಸಾವೇ ಜಾಸ್ತಿಯಾಗಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು. ನವಜಾತ ಶಿಶುಗಳ ವಿಷಯ ಬೇರೆ, ಮಾಮೂಲಿ ವೆಂಟಿಲೇಟರ್ ಕೈಕೊಟ್ಟಾಗ ಇದು ನೆರವಾಗಬಹುದು, ನೋಡೋಣ ಅಂದರು. ಆ ‘ನೋಡೋಣ’ ಕೇಳಿ ಹೊಟ್ಟೆ ಹಿಂಡಿದರೂ ಅವರ ಮೇಲೆ ಪೂರ್ತಿ ನಂಬಿಕೆ ಬಂತು. ಆಮೇಲೆ ನೈಟ್ರಿಕ್ ಆಕ್ಸೈಡ್ ಅನ್ನೂ ಉಸಿರಿನ ಜೊತೆ ಕೊಟ್ಟರು. ಬಿಗಿದ ರಕ್ತನಾಳಗಳನ್ನು ಸಡಿಲಿಸುವ ಗ್ಯಾಸ್ ಅದು. ಎಕ್ಸ್‌ರೇ ಹಿಡಿದು ಪಕ್ಕೆಲುಬು ಎಣಿಸಿ, ಶ್ವಾಸಕೋಶ ಎಷ್ಟು ಹಿಗ್ಗಿದೆ ಅಂತ ನನಗೂ ತೋರಿಸಿದರು. ಹೆಚ್ಚು ಹಿಗ್ಗಿದರೂ ಕಷ್ಟ, ಕುಗ್ಗಿದರೂ ಕಷ್ಟ.

ಮೆಷಿನ್ ತಾನಾಗಿ ಮಗುವನ್ನು ಉಳಿಸುವುದಿಲ್ಲ. ಪೈಪ್ ಒಂದು ಕ್ಷಣ ಕಳಚಿದರೂ ತೆರೆದ ಶ್ವಾಸಕೋಶ ಮತ್ತೆ ಮುಚ್ಚಿಕೊಳ್ಳಬಹುದು. ಅದಕ್ಕೇ ಕಫ ತೆಗೆಯುವಾಗ, ಮಗ್ಗುಲು ಬದಲಿಸುವಾಗ ಇಬ್ಬರು ಸೇರಿ ಎಷ್ಟು ಹುಷಾರಾಗಿ ಮಾಡುತ್ತಿದ್ದರು! ಅವರ ಹೆಸರುಗಳು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೆಷಿನ್ ನೋಡಿಕೊಂಡ ಬಯೋಮೆಡಿಕಲ್ ಹುಡುಗ, ಹೊತ್ತು ಗೊತ್ತಿಲ್ಲದೆ ಬ್ಲಡ್ ಗ್ಯಾಸ್ (ರಕ್ತದಲ್ಲಿನ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಮಟ್ಟದ) ರಿಪೋರ್ಟ್ ಕೊಟ್ಟ ಲ್ಯಾಬಿನವರು, ವಾರ್ಡ್ ಒರೆಸುತ್ತಾ "ಊಟ ಆಯ್ತಾ ಅಪ್ಪಾ" ಅಂತ ಕೇಳುತ್ತಿದ್ದ ಅಮ್ಮ, ನಿಮಗೂ ನಮಸ್ಕಾರ. ಹಾಸನದಿಂದ ಐಸ್ ಬಾಕ್ಸ್‌ನಲ್ಲಿ ತಾಯಿಹಾಲು ತಂದ ಭಾವಮೈದನಿಗೂ. ಆ ಹಾಲನ್ನು ಮೊದಲು ಹತ್ತಿಯಲ್ಲಿ ಅದ್ದಿ ಮಗುವಿನ ತುಟಿಗೆ ಸವರಿದರು.

ಕಿವಿ ಪರೀಕ್ಷೆ ಸರಿಯಾಗಿ ಬಂದಿದೆ. ಮುಂದಿನ ವಾರ ಚೆಕಪ್‌ಗೆ ಬರುತ್ತೇವೆ. ರಾತ್ರಿ ಪಾಳಿಯವರೂ ಸಿಗಲಿ ಅಂತ ಸಂಜೆ ಪಾಳಿ ಬದಲಾಗುವ ತನಕ ಅಲ್ಲೇ ಇರುತ್ತೇವೆ. ಮಗಳನ್ನು ಎತ್ತಿಕೊಳ್ಳಬೇಕು ನೀವು.